ಬಟನ್ ಒತ್ತಿದರೆ ಫ್ಯಾನ್ ಕೂಡ ಅಲುಗುತ್ತಿಲ್ಲ, ಬೋರ್ಡ್ ಮೇಲೆ ಹಸಿರು ದೀಪ ಮಾತ್ರ ಇದೆ

ಹಳೇಡಬ್ಬ:
ಎಲ್ಲರಿಗೂ ನಮಸ್ಕಾರ. 2007ರಲ್ಲಿ ಬಿಡಿಭಾಗ ತಂದು ಜೋಡಿಸಿದ ಡೆಸ್ಕ್‌ಟಾಪ್ ಒಂದಿದೆ. ಪೆಂಟಿಯಂ ಡ್ಯುಯಲ್ ಕೋರ್, 2 ಜಿಬಿ ಡಿಡಿಆರ್2 ರ್‍ಯಾಮ್, ಸಾಟಾ ಹಾರ್ಡ್ ಡಿಸ್ಕ್, ವಿಂಡೋಸ್ ಎಕ್ಸ್‌ಪಿ. ಪ್ಲಗ್ ಕೀಳದೆ ವರ್ಷಗಟ್ಟಲೆ ಒಂದೇ ಜಾಗದಲ್ಲಿತ್ತು, ಯಾವತ್ತೂ ತಕರಾರು ಮಾಡಿರಲಿಲ್ಲ. ಕೋಣೆಗೆ ಬಣ್ಣ ಹೊಡೆಸುವಾಗ ಪ್ಲಗ್ ಕಿತ್ತು ಮೂಲೆಗೆ ಇಟ್ಟೆ. ಆರೇಳು ತಿಂಗಳು ಹಾಗೇ ಇತ್ತು. ಮೊನ್ನೆ ಮತ್ತೆ ಜೋಡಿಸಿ ಬಟನ್ ಒತ್ತಿದರೆ ಏನೂ ಇಲ್ಲ. ಬೀಪ್ ಇಲ್ಲ, ಫ್ಯಾನ್ ತಿರುಗುವುದಿಲ್ಲ. ಪಕ್ಕದ ಮುಚ್ಚಳ ತೆಗೆದು ನೋಡಿದೆ. ಮದರ್‌ಬೋರ್ಡ್ ಮೇಲಿನ ಸಣ್ಣ ಹಸಿರು ದೀಪ ಮಂಕಾಗಿ ಉರಿಯುತ್ತಿದೆ. ಮಾನಿಟರ್‌ನ ಪವರ್ ಕೇಬಲ್ ಹಾಕಿ ನೋಡಿದೆ, ಬೇರೆ ಸಾಕೆಟ್ ನೋಡಿದೆ, ಅಷ್ಟೇ. ಹಳೇ ಫೋಟೋಗಳೆಲ್ಲ ಅದರಲ್ಲೇ ಇವೆ. ಎಲ್ಲಿಂದ ಶುರು ಮಾಡಲಿ?

ನಟ್ಟುಬೋಲ್ಟು:
ಎಸ್‌ಎಂಪಿಎಸ್ (ಪಿಸಿಗೆ ಕರೆಂಟ್ ಕೊಡುವ ಡಬ್ಬ) ಹೋಗಿದೆ. ಬೇರೆ ಹಾಕಿ, ಮುಗೀತು.

ಬೆಸುಗೆಕಡ್ಡಿ:
ಇರಬಹುದು. ಆದರೆ ಊಹೆ ಮೇಲೆ ಸಾಮಾನು ಕೊಳ್ಳುವುದು ಬೇಡ ಸರ್, ಮೊದಲು ಸುಲಭದ್ದನ್ನು ನೋಡೋಣ.

ಹಸಿರು ದೀಪ ಇದೆ ಅಂದರೆ ಬೋರ್ಡ್ ತನಕ ಸ್ವಲ್ಪ ಕರೆಂಟ್ ಬರುತ್ತಿದೆ ಅಂತ ಮಾತ್ರ ಅರ್ಥ. ಸಾಕಷ್ಟು ಬರುತ್ತಿದೆ ಅಂತ ಅಲ್ಲ. ಪಿಸಿ ಬೋರ್ಡ್, ಎಸ್‌ಎಂಪಿಎಸ್ ಹೇಗಿರಬೇಕು ಅಂತ ಹೇಳುವ ಎಟಿಎಕ್ಸ್ ಪದ್ಧತಿ 1995ರಲ್ಲಿ ಬಂತು. ಅಲ್ಲಿಂದೀಚೆಗೆ ಮುಂದಿನ ಬಟನ್ ನೇರವಾಗಿ ಕರೆಂಟ್ ಹಾಕುವ ಸ್ವಿಚ್ ಅಲ್ಲ. ಬೋರ್ಡ್‌ಗೆ "ಏಳು" ಅಂತ ಹೇಳುವ ಕರೆಗಂಟೆ ಇದ್ದ ಹಾಗೆ. ಆ ಗಂಟೆ ಕೇಳಿಸಿಕೊಳ್ಳಲು ಬೋರ್ಡ್‌ನ ಒಂದು ಮೂಲೆ ಯಾವಾಗಲೂ ಎಚ್ಚರ ಇರಬೇಕು. ಅದಕ್ಕೆಂದೇ ಎಸ್‌ಎಂಪಿಎಸ್ ಒಳಗೆ ಬೇರೆಯೇ ಒಂದು ಪುಟ್ಟ ಸರಬರಾಜು ಇರುತ್ತದೆ. 5 ವೋಲ್ಟ್ ಸ್ಟ್ಯಾಂಡ್‌ಬೈ ಅಂತಾರೆ, ನೇರಳೆ ವೈರ್.

ಈಗ ಗಂಟೆ ಕೆಟ್ಟಿದೆಯಾ ನೋಡಿ. ಮುಂದಿನ ಪ್ಯಾನೆಲ್‌ನಿಂದ ಬೋರ್ಡ್‌ಗೆ ಬರುವ ಸಣ್ಣ ವೈರ್‌ಗಳಲ್ಲಿ 'ಪವರ್ ಸ್ವಿಚ್' ಅಂತ ಬರೆದ ಎರಡು ಪಿನ್ನಿನದ್ದನ್ನು ಕೀಳಿ. ಪ್ಲಗ್ ಹಾಕಿ, ಆ ಎರಡು ಪಿನ್‌ಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಒಂದು ಕ್ಷಣ ಮುಟ್ಟಿಸಿ. ಪ್ಲಸ್ ಮೈನಸ್ ಗೊಡವೆ ಇಲ್ಲ. ಪಕ್ಕದ ಪಿನ್‌ಗೆ ತಾಗದಿದ್ದರೆ ಆಯಿತು. ಹಾಗೇ ಪ್ರೊಸೆಸರ್ ಸುತ್ತ ನಿಂತಿರುವ ಕೆಪಾಸಿಟರ್‌ಗಳ (ಕರೆಂಟ್ ಕೂಡಿಟ್ಟು ಸಮ ಮಾಡುವ ಪುಟ್ಟ ಡಬ್ಬಿಗಳು) ತಲೆ ಚಪ್ಪಟೆ ಇದೆಯಾ, ಉಬ್ಬಿದೆಯಾ ಅಂತಲೂ ನೋಡಿ. 2000ದ ದಶಕದ ಬೋರ್ಡ್‌ಗಳಲ್ಲಿ ಆ ಕಾಟ ವಿಪರೀತ.

ಹಳೇಡಬ್ಬ:
ಸ್ಕ್ರೂಡ್ರೈವರ್ ಮುಟ್ಟಿಸಿದೆ. (ಶಾಕ್ ಹೊಡೆಯುತ್ತದೆ ಅಂತ ಕಾಲಿಗೆ ರಬ್ಬರ್ ಚಪ್ಪಲಿ ಹಾಕಿಕೊಂಡು, ಮುಖ ಆಚೆ ತಿರುಗಿಸಿ ಮುಟ್ಟಿಸಿದ್ದು.) ನಾಲ್ಕು ಸಲ ಮಾಡಿದೆ, ಏನೂ ಆಗಲಿಲ್ಲ. ಕೆಪಾಸಿಟರ್ ತಲೆಗಳೆಲ್ಲ ಚಪ್ಪಟೆಯಾಗೇ ಇವೆ.

ಆಮೇಲೆ ಒಂದು ವಿಡಿಯೋ ನೋಡಿ ಪೇಪರ್ ಕ್ಲಿಪ್ ಪರೀಕ್ಷೆ ಮಾಡಿದೆ. 24 ಪಿನ್ನಿನ ದಪ್ಪ ಕನೆಕ್ಟರ್ ಬೋರ್ಡ್‌ನಿಂದ ಕಿತ್ತು, ಹಸಿರು ವೈರ್‌ಗೂ ಕಪ್ಪು ವೈರ್‌ಗೂ ಕ್ಲಿಪ್ ಸಿಕ್ಕಿಸಿದೆ. ಎಸ್‌ಎಂಪಿಎಸ್ ಫ್ಯಾನ್ ಗಿರ್ರ್ ಅಂತ ತಿರುಗಿತು! ಅಂದರೆ ಎಸ್‌ಎಂಪಿಎಸ್ ಸರಿ ಇದೆ, ಬೋರ್ಡ್ ಸತ್ತಿದೆ ಅಂತ ತಾನೇ?

ನಟ್ಟುಬೋಲ್ಟು:
ಹಾಗಿದ್ದರೆ ನನ್ನ ಮಾತು ವಾಪಸ್. ಮದರ್‌ಬೋರ್ಡ್ ಹೋಗಿದೆ. ಆ ಕಾಲದ ಬೋರ್ಡ್ ಹುಡುಕುವುದು ದಂಡ, ಹೊಸ ಪಿಸಿ ತಗೊಳ್ಳಿ.

ಬೆಸುಗೆಕಡ್ಡಿ:
ನಿಧಾನ! ಈ ಕ್ಲಿಪ್ ಪರೀಕ್ಷೆ ನಂಬಿ ಸರಿ ಇರುವ ಬೋರ್ಡ್ ಬಿಸಾಕಿದವರು ಬಹಳ ಜನ.

ಹಸಿರು ವೈರ್ ಅನ್ನು ಕಪ್ಪಿಗೆ, ಅಂದರೆ ಗ್ರೌಂಡ್‌ಗೆ, ಎಳೆದರೆ ಎಸ್‌ಎಂಪಿಎಸ್ ಏಳಬೇಕು, ಎದ್ದಿದೆ. ಸರಿ. ಆದರೆ ಫ್ಯಾನ್ ತಿರುಗುವುದು 12 ವೋಲ್ಟ್‌ನಲ್ಲಿ. ನಿಮಗೆ ಅನುಮಾನ ಇರಬೇಕಾದದ್ದು ನೇರಳೆ ವೈರ್ ಮೇಲೆ. ಕ್ಲಿಪ್ ಹಾಕುವಾಗ ಬೋರ್ಡ್ ಕಿತ್ತಿದ್ದಿರಿ ಅಲ್ವಾ? ಆಗ ನೇರಳೆ ವೈರ್ ಮೇಲೆ ಭಾರವೇ ಇಲ್ಲ. ಖಾಲಿ ಗಾಡಿ ಇಳಿಜಾರಲ್ಲಿ ಓಡಿತು ಅಂದ ಮಾತ್ರಕ್ಕೆ ಮೂಟೆ ಹೊತ್ತು ದಿಬ್ಬ ಹತ್ತುತ್ತದೆ ಅನ್ನಲಾಗದು.

ಮಲ್ಟಿಮೀಟರ್ ಇದ್ದರೆ ಎರಡು ಅಳತೆ ಬೇಕು. ಡಯಲ್ ಡಿಸಿ 20ಕ್ಕೆ ಇಡಿ. ಕಪ್ಪು ಮೊನೆ ಕೇಸಿನ ಬಣ್ಣವಿಲ್ಲದ ಲೋಹಕ್ಕೆ. ಕೆಂಪು ಮೊನೆಯನ್ನು ದಪ್ಪ ಕನೆಕ್ಟರ್‌ನ ಹಿಂದಿನಿಂದ, ನೇರಳೆ ವೈರ್ ಒಳಗೆ ಹೋಗುವ ತೂತಿನಲ್ಲೇ ತೂರಿಸಿ. ಒಮ್ಮೆ ಕನೆಕ್ಟರ್ ಬೋರ್ಡ್‌ನಲ್ಲಿ ಕೂತಿರುವಾಗ, ಇನ್ನೊಮ್ಮೆ ಕಿತ್ತಾಗ. ಎರಡೂ ಸಲ 4.75ರಿಂದ 5.25ರ ಒಳಗೆ ಬರಬೇಕು. ಶೇಕಡಾ 5 ಆಚೀಚೆ, ಅದು ಎಟಿಎಕ್ಸ್ ಲೆಕ್ಕ. ಕನೆಕ್ಟರ್ ಕೀಳುವಾಗ, ಹಾಕುವಾಗ ಪ್ಲಗ್ ತೆಗೆದಿರಿ.

ಹಳೇಡಬ್ಬ:
ಮೀಟರ್ ಸಿಕ್ಕಿತು. ಎರಡೂ ಸಲ 0.00! ಹಸಿರು ದೀಪ ಮಾತ್ರ ಉರಿಯುತ್ತಲೇ ಇದೆ. ಇದೇನು ಮಾಯೆ?

ಬೆಸುಗೆಕಡ್ಡಿ:
ಡಯಲ್ ಪಕ್ಕ ಇರುವ ಗುರುತು ಅಲೆಯ ಹಾಗಿದೆಯಾ, ಅಥವಾ ನೇರ ಗೆರೆ ಕೆಳಗೆ ಚುಕ್ಕೆ ಗೆರೆ ಇದೆಯಾ? ಅಲೆ ಇದ್ದರೆ ಅದು ಎಸಿ.

ಹಳೇಡಬ್ಬ:
ಅಲೆ. ಕ್ಷಮಿಸಿ.

ಈಗ ಸರಿಯಾಗಿ ಅಳೆದೆ. ಬೋರ್ಡ್‌ಗೆ ಹಾಕಿದಾಗ 4.08. ಕಿತ್ತಾಗ 5.12. ಹಾಕಿದಾಗ ಅಂಕಿ ಒಂದೇ ಕಡೆ ನಿಲ್ಲುವುದಿಲ್ಲ, 4.02, 4.11, ಹಾಗೆ ಕುಣಿಯುತ್ತದೆ.

ಇನ್ನೊಂದು ವಿಷಯ, ಹೇಳುವಷ್ಟು ದೊಡ್ಡದಲ್ಲ ಅಂತ ಬಿಟ್ಟಿದ್ದೆ. ಮೊನ್ನೆ ಪ್ಲಗ್ ಹಾಕಿ ಮರೆತು ಬೇರೆ ಕೆಲಸಕ್ಕೆ ಹೋಗಿದ್ದೆ. ಮುಕ್ಕಾಲು ಗಂಟೆ ಆದಮೇಲೆ ಬಂದು ಸುಮ್ನೆ ಬಟನ್ ಒತ್ತಿದರೆ ಫ್ಯಾನ್ ಒಂದು ಸುತ್ತು ತಿರುಗಿ ನಿಂತಿತು. ಮತ್ತೆ ಒತ್ತಿದರೆ ಏನೂ ಆಗಲಿಲ್ಲ.

ಬೆಸುಗೆಕಡ್ಡಿ:
ಅಯ್ಯೋ, ಇದನ್ನೇ ಮೊದಲು ಹೇಳಬೇಕಿತ್ತು! ಇಡೀ ಕಥೆ ಅಲ್ಲೇ ಇದೆ.

ಸ್ಟ್ಯಾಂಡ್‌ಬೈ ಭಾಗದ ಸಣ್ಣ ಕೆಪಾಸಿಟರ್‌ಗಳು ಎಸ್‌ಎಂಪಿಎಸ್‌ನಲ್ಲಿ ಎಲ್ಲಕ್ಕಿಂತ ಜಾಸ್ತಿ ದುಡಿಯುವ ಬಡಪಾಯಿಗಳು. ಪಿಸಿ ಆಫ್ ಆಗಿದ್ದರೂ ಪ್ಲಗ್ ಹಾಕಿರುವಷ್ಟು ಹೊತ್ತೂ ಅವಕ್ಕೆ ರಜೆ ಇಲ್ಲ. ಆಗ ಫ್ಯಾನ್ ಗಾಳಿಯೂ ಇರುವುದಿಲ್ಲ. ವರ್ಷಗಳು ಕಳೆದಂತೆ ಒಳಗಿನ ದ್ರವ ಒಣಗುತ್ತದೆ, ಒಳ ರೆಸಿಸ್ಟನ್ಸ್ ಏರುತ್ತದೆ. ಬೆಚ್ಚಗಿದ್ದರೆ ಆ ರೆಸಿಸ್ಟನ್ಸ್ ಸ್ವಲ್ಪ ಇಳಿಯುತ್ತದೆ, ತಣ್ಣಗಾದರೆ ಮತ್ತೆ ಏರುತ್ತದೆ. ನಿಮ್ಮ ಪಿಸಿ ಯಾವಾಗಲೂ ಪ್ಲಗ್‌ನಲ್ಲೇ ಇತ್ತು, ಬೆಚ್ಚಗಿತ್ತು, ಹೇಗೋ ತಳ್ಳಿಕೊಂಡು ಬಂತು. ಪ್ಲಗ್ ಕಿತ್ತು ತಿಂಗಳುಗಟ್ಟಲೆ ತಣ್ಣಗೆ ಇಟ್ಟಾಗ ಗುಟ್ಟು ರಟ್ಟಾಯಿತು. ಮುಕ್ಕಾಲು ಗಂಟೆ ಪ್ಲಗ್‌ನಲ್ಲಿ ಕಾದ ಮೇಲೆ ಒಂದು ಸುತ್ತು ತಿರುಗಿದ್ದೂ ಅದಕ್ಕೇ.

ಒಂದು ಅನುಮಾನ ಉಳಿದಿದೆ. ಬೋರ್ಡೇ ನೇರಳೆ ಸಾಲನ್ನು ಕೆಳಗೆ ಎಳೆಯುತ್ತಿರಬಹುದು. ಶಾರ್ಟ್ ಆದ ಯುಎಸ್‌ಬಿ ಸಾಧನ ಕೂಡ ಹಾಗೆ ಮಾಡುತ್ತದೆ. ಹಿಂದೆ ಮುಂದೆ ಚುಚ್ಚಿರುವುದನ್ನೆಲ್ಲ ಕಿತ್ತು ಇನ್ನೊಮ್ಮೆ ಅಳೆಯಿರಿ. ಅದಾದ ಮೇಲೆ ಎರಡು ದಾರಿ. 10 ಓಮ್, 5 ವ್ಯಾಟ್ ರೆಸಿಸ್ಟರ್ ಒಂದನ್ನು, ಬೋರ್ಡ್ ಇಲ್ಲದೆ, ನೇರಳೆಗೂ ಕಪ್ಪಿಗೂ ನಡುವೆ ಹಾಕಿದರೆ ಅರ್ಧ ಆಂಪಿಯರ್ ಎಳೆಯುತ್ತದೆ. ಆಗಲೂ ವೋಲ್ಟೇಜ್ ಕುಸಿದರೆ ಎಸ್‌ಎಂಪಿಎಸ್ಸೇ ಕಳ್ಳ. ಎರಡನೇ ದಾರಿ, ಬೇರೆ ಪಿಸಿಯ ಸರಿ ಇರುವ ಎಸ್‌ಎಂಪಿಎಸ್ ತಂದು ಹಾಕಿ ನೋಡಿ. ಆದರೆ ಕೆಲವು ಬ್ರಾಂಡೆಡ್ ಪಿಸಿಗಳಲ್ಲಿ ಕನೆಕ್ಟರ್ ಒಂದೇ ಥರ ಕಂಡರೂ ವೈರ್ ಜೋಡಣೆ ಬೇರೆ ಇರುತ್ತದೆ. ಜೋಡಿಸಿದ ಪಿಸಿಯಿಂದಲೇ ತನ್ನಿ.

ನಟ್ಟುಬೋಲ್ಟು:
ಬೆಚ್ಚಗಾದರೆ ನಡೆಯುತ್ತದೆ ಅಂದಮೇಲೆ ರಾತ್ರಿಯಿಡೀ ಪ್ಲಗ್ ಹಾಕಿಟ್ಟು ಬೆಳಿಗ್ಗೆ ಆನ್ ಮಾಡಿ ಫೋಟೋ ತೆಗೆದುಕೊಂಡರೆ ಆಗಲ್ವಾ?

ಬೆಸುಗೆಕಡ್ಡಿ:
ದಯವಿಟ್ಟು ಬೇಡ. ಕೆಲವು ಅಗ್ಗದ ಹಳೇ ವಿನ್ಯಾಸಗಳಲ್ಲಿ ಈ ಭಾಗದ ಒಂದು ಕೆಪಾಸಿಟರ್ ಒಣಗಿದರೆ ಸ್ಟ್ಯಾಂಡ್‌ಬೈ ಕುಸಿಯುವ ಬದಲು 5 ದಾಟಿ ಮೇಲೆ ಹೋಗಿಬಿಡುತ್ತದೆ. ಆಗ ಬೋರ್ಡ್ ನಿಜವಾಗಿಯೂ ಸಾಯುತ್ತದೆ. ಫೋಟೋ ಬೇಕು ಅಂತಲೇ ಹೇಳುತ್ತಿದ್ದೇನೆ, ಆ ಎಸ್‌ಎಂಪಿಎಸ್‌ಗೆ ಇನ್ನು ಪ್ಲಗ್ ಹಾಕಬೇಡಿ.

ಹಳೇಡಬ್ಬ:
ಯುಎಸ್‌ಬಿ ಎಲ್ಲ ಕೀಳುವ ತನಕ ನಿಮ್ಮ ಈ ಮಾತು ಓದಿರಲಿಲ್ಲ, ಒಮ್ಮೆ ಅಳೆದೆ: 4.10. ಆಮೇಲೆ ಮುಟ್ಟಿಲ್ಲ. ಸ್ನೇಹಿತನ ಪಿಸಿಯಿಂದ ಎಸ್‌ಎಂಪಿಎಸ್ ಬಿಚ್ಚಿ ತಂದು ಹಾಕಿದೆ. ನೇರಳೆ 5.06, ಅಲುಗದೆ ನಿಂತಿದೆ! ಬಟನ್ ಒತ್ತಿದೆ, ಫ್ಯಾನ್‌ಗಳೆಲ್ಲ ತಿರುಗಿದವು!

ಆದರೆ ಪರದೆ ಮೇಲೆ ಏನೂ ಬರುತ್ತಿಲ್ಲ. ಬೀಪ್ ಕೂಡ ಇಲ್ಲ.

ಬೆಸುಗೆಕಡ್ಡಿ:
ಪ್ರೊಸೆಸರ್ ಹತ್ತಿರ ಚೌಕದ 4 ಪಿನ್ನಿನ ಕನೆಕ್ಟರ್ ಇರುತ್ತದೆ, ಎರಡು ಹಳದಿ ಎರಡು ಕಪ್ಪು ವೈರ್. ಹಾಕಿದ್ದೀರಾ?

ಹಳೇಡಬ್ಬ:
ಇಲ್ಲ. ಅದು ಹಾರ್ಡ್ ಡಿಸ್ಕ್ ಕಟ್ಟಿನ ಹಿಂದೆ ನೇತಾಡುತ್ತಿತ್ತು. ಹಾಕಿದೆ. ಒಂದು ಬೀಪ್! ಆ ಸದ್ದು ಕೇಳಿ ಎಷ್ಟು ತಿಂಗಳಾಗಿತ್ತು.

ಈಗ ಕಪ್ಪು ಪರದೆಯಲ್ಲಿ 'ಸಿಮಾಸ್ ಚೆಕ್‌ಸಮ್ ಎರರ್' ಅಂತ ಬರುತ್ತದೆ. ಎಫ್1 ಒತ್ತಿ ಮುಂದೆ ಹೋದರೆ ವಿಂಡೋಸ್ ಲೋಗೋ ಒಂದು ಕ್ಷಣ ಕಂಡು ನೀಲಿ ಪರದೆ, ಮತ್ತೆ ರೀಸ್ಟಾರ್ಟ್. ನೀಲಿ ಪರದೆಯ ಫೋಟೋ ಹೊಡೆದುಕೊಂಡೆ. ಸೊನ್ನೆಗಳ ಸಾಲು, ಕೊನೆಯಲ್ಲಿ 7ಬಿ. ಡಿಸ್ಕೂ ಹೋಯಿತಾ?

ಬೆಸುಗೆಕಡ್ಡಿ:
ಡಿಸ್ಕ್ ಮೇಲೆ ಇನ್ನೂ ಅನುಮಾನ ಬೇಡ. 7ಬಿ ಅಂದರೆ ವಿಂಡೋಸ್‌ಗೆ ತಾನು ಬೂಟ್ ಆಗಬೇಕಾದ ಡಿಸ್ಕ್ ತಲುಪಲು ಆಗುತ್ತಿಲ್ಲ. ಬೋರ್ಡ್ ಮೇಲಿನ ನಾಣ್ಯದಂಥ ಬ್ಯಾಟರಿ, ಸಿಆರ್2032, ಖಾಲಿಯಾಗಿದೆ. ಪ್ಲಗ್‌ನಲ್ಲಿದ್ದಾಗ ಗಡಿಯಾರವನ್ನು ಸ್ಟ್ಯಾಂಡ್‌ಬೈ ಸಾಕುತ್ತದೆ, ಪ್ಲಗ್ ಕಿತ್ತ ತಿಂಗಳುಗಳಲ್ಲಿ ಆ ಭಾರವೆಲ್ಲ ಬ್ಯಾಟರಿ ಮೇಲೆ ಬಿತ್ತು. ಬಯೋಸ್, ಅಂದರೆ ಪಿಸಿ ಎದ್ದಾಗ ಮೊದಲು ಓಡುವ ಬೋರ್ಡ್‌ನದೇ ಪ್ರೋಗ್ರಾಂ, ತನ್ನ ಸೆಟ್ಟಿಂಗ್ ಮರೆತಿದೆ, ಆ ಸಿಮಾಸ್ ಎರರ್ ಅದಕ್ಕೇ. ಹಾಗಾಗಿ ಸಾಟಾ ಮೋಡ್, ಅಂದರೆ ಡಿಸ್ಕ್ ಜೊತೆ ಮಾತಾಡುವ ರೀತಿ, ಬದಲಾಗಿದೆ. ಹೊಸ ಬ್ಯಾಟರಿ ಹಾಕಿ, ಬರಹ ಇರುವ ಕಡೆ ಮೇಲೆ. ಬಯೋಸ್‌ಗೆ ಹೋಗಿ ತಾರೀಕು ಸರಿಮಾಡಿ. ಸಾಟಾ ಮೋಡ್ ಎಎಚ್‌ಸಿಐ ಅಂತ ಇದ್ದರೆ ಐಡಿಇಗೆ ಬದಲಿಸಿ. ಎಕ್ಸ್‌ಪಿಗೆ ಎಎಚ್‌ಸಿಐ ಡ್ರೈವರ್ ತಾನಾಗಿ ಬರುವುದಿಲ್ಲ.

ಹಳೇಡಬ್ಬ:
ಬಂತು!! ಎಎಚ್‌ಸಿಐ ಅಂತಲೇ ಇತ್ತು. ಐಡಿಇ ಮಾಡಿದ ತಕ್ಷಣ ಹಸಿರು ಗುಡ್ಡ, ನೀಲಿ ಆಕಾಶ. ಡೆಸ್ಕ್‌ಟಾಪ್ ಮೇಲೆ 'ಹೊಸ ಫೋಲ್ಡರ್ 14' ತನಕ ಎಲ್ಲ ಹಾಗೇ ಇದೆ.

ಬೆಸುಗೆಕಡ್ಡಿ:
ಸಂತೋಷ. ಬೇರೆ ಏನೂ ಮಾಡದೆ ಮೊದಲು ಫೋಟೋಗಳನ್ನು ಹೊರಗಿನ ಡಿಸ್ಕ್‌ಗೆ ನಕಲು ಮಾಡಿ. ಇಂಟರ್‌ನೆಟ್ ಕೇಬಲ್ ಮಾತ್ರ ಹಾಕಬೇಡಿ. ಎಕ್ಸ್‌ಪಿಗೆ ಸುರಕ್ಷತಾ ಅಪ್‌ಡೇಟ್ ಕೊಡುವುದು 2014ರ ಏಪ್ರಿಲ್‌ನಲ್ಲೇ ನಿಂತಿದೆ.

ಹಳೇಡಬ್ಬ:
ನಕಲು ನಡೆಯುತ್ತಿದೆ, ಇನ್ನೂ 40 ನಿಮಿಷ ಅನ್ನುತ್ತಿದೆ. ಸ್ನೇಹಿತನಿಗೆ ಅವನ ಎಸ್‌ಎಂಪಿಎಸ್ ವಾಪಸ್ ಕೊಡಬೇಕು, ಹೊಸದು ತರುತ್ತೇನೆ. ಹಳೆಯದನ್ನು ಬಿಚ್ಚಿ ಆ ಕೆಪಾಸಿಟರ್ ನಾನೇ ಬದಲಿಸಬಹುದಾ? ಬೆಸುಗೆ ಸ್ವಲ್ಪ ಬರುತ್ತದೆ.

ಬೆಸುಗೆಕಡ್ಡಿ:
ನನ್ನ ಹೆಸರೇ ಬೆಸುಗೆಕಡ್ಡಿ, ಆದರೂ ಬೇಡ ಅನ್ನುತ್ತೇನೆ. 230 ವೋಲ್ಟ್ ಲೈನ್‌ನಲ್ಲಿ ಒಳಗಿನ ದೊಡ್ಡ ಕೆಪಾಸಿಟರ್‌ಗಳಲ್ಲಿ ಸುಮಾರು 325 ವೋಲ್ಟ್ ಡಿಸಿ ತುಂಬಿರುತ್ತದೆ. ಪ್ಲಗ್ ಕಿತ್ತ ಮೇಲೂ ಅದು ಒಳಗೇ ಕೂತಿರಬಹುದು. ಅದನ್ನು ಇಳಿಸುವುದು, ಇಳಿಯಿತಾ ಅಂತ ಅಳೆಯುವುದು ಗೊತ್ತಿಲ್ಲದವರು ಆ ಡಬ್ಬ ತೆರೆಯಬಾರದು. ಡಿಸಿ ಎಸಿ ಗುರುತು ಮೊನ್ನೆ ತಾನೇ ಕಲಿತಿದ್ದೀರಿ, ಬೇಜಾರು ಮಾಡಿಕೊಳ್ಳಬೇಡಿ. ಮೇಲೆ 'ಕೆಟ್ಟಿದೆ' ಅಂತ ದಪ್ಪಗೆ ಬರೆದು ಇ-ತ್ಯಾಜ್ಯಕ್ಕೆ ಕೊಡಿ. ಇಲ್ಲದಿದ್ದರೆ ವರ್ಷ ಕಳೆದ ಮೇಲೆ ನೀವೇ ಮರೆತು ಮತ್ತೆ ಯಾವುದಕ್ಕಾದರೂ ಹಾಕುತ್ತೀರಿ.

ಹಳೇಡಬ್ಬ:
ಬೇಜಾರೇನಿಲ್ಲ ಸರ್, ನಿಜವೇ. ಮಾರ್ಕರ್‌ನಲ್ಲಿ ಬರೆದೆ. ಫೋಟೋ ಎಲ್ಲ ಬಂದವು.

ನಟ್ಟುಬೋಲ್ಟು:
ನಾನು ಮೊದಲನೇ ಉತ್ತರದಲ್ಲೇ ಹೇಳಿದ್ದೆ ಅಲ್ವಾ, ಎಸ್‌ಎಂಪಿಎಸ್ ಅಂತ.

ಬೆಸುಗೆಕಡ್ಡಿ:
ಹೇಳಿದ್ದಿರಿ. ಎರಡನೇ ಉತ್ತರದಲ್ಲಿ ಮದರ್‌ಬೋರ್ಡ್ ಅಂತಲೂ ಹೇಳಿದ್ದಿರಿ.