ಐನೂರು ಕಿಲೋಮೀಟರಿನ ಕಾರೇ ಬೇಕೆ?

ಕಲಬುರಗಿಯ ನಾವು ವಿದ್ಯುತ್ ಕಾರು ಕೊಳ್ಳಲು ಹೊರಟಾಗ ನೆಂಟರ ಮೆಸೇಜ್ ಗ್ರೂಪಿನಲ್ಲಿ ನಡೆದ ಮಾತು ಇದು.

ಬೀದರ್ ಕಾಕಾ (ಫಾರ್ವರ್ಡ್): ಒಂದೇ ಚಾರ್ಜಿನಲ್ಲಿ 500 ಕಿ.ಮೀ. ಓಡದ ವಿದ್ಯುತ್ ಕಾರು ಕೊಂಡವರು ನಡುದಾರಿಯಲ್ಲಿ ನಿಲ್ಲುವುದು ಖಚಿತ!

ಬೀದರ್ ಕಾಕಾ: ಕಲಬುರಗಿಯವರು ಕಾರು ಬುಕ್ ಮಾಡುವ ಮೊದಲು ಇದನ್ನು ಓದಬೇಕು. ಕಂಪನಿಯ ಮಾತು ನಂಬಿ ಹೊರಟು, ಮೇ ತಿಂಗಳ ಬಿಸಿಲಿನಲ್ಲಿ ಕಮಲಾಪುರದ ಆಚೆ ನಿಂತರೆ ಯಾರನ್ನು ಕರೆಯುತ್ತೀರಿ?

ನಾನು: ಕಾಕಾ, ಕಂಪನಿಯ ಅಂಕಿಯನ್ನು ನಂಬಬಾರದೆಂಬುದು ನಿಜ, ಅದು ಪರೀಕ್ಷೆಯಲ್ಲಿ ಬಂದದ್ದು, ಎ.ಸಿ. ಹಾಕಿಕೊಂಡು ಹೆದ್ದಾರಿಯಲ್ಲಿ ವೇಗವಾಗಿ ಹೋದರೆ ಅಷ್ಟು ಸಿಗುವುದಿಲ್ಲ. ಆದರೆ ಬೀದರಿಗೆ ಇಲ್ಲಿಂದ ಸುಮಾರು 110 ಕಿ.ಮೀ. ಮಾತ್ರ. ನಾವು ನೋಡಿರುವ ಕಾರಿನ ಬ್ಯಾಟರಿ 40 ಯೂನಿಟ್ಟಿನದು. ಯೂನಿಟ್ಟಿಗೆ 6 ಕಿ.ಮೀ. ಎಂದು ಕೈ ಬಿಗಿಹಿಡಿದು ಲೆಕ್ಕ ಹಾಕಿದರೂ 240 ಆಗುತ್ತದೆ.

ಬೀದರ್ ಕಾಕಾ: ಹೋಗಿ ಬರಲು 220. ಉಳಿದ 20 ಕಿಲೋಮೀಟರನ್ನು ನೆಚ್ಚಿ ಅವ್ವನನ್ನು ಕೂರಿಸಿಕೊಂಡು ಹೊರಡುತ್ತೀಯಾ?

ನಾನು: ಹೊರಡುವುದಿಲ್ಲ. ನಿಮ್ಮ ಮನೆಗೆ ಬಂದವರು ಯಾವತ್ತಾದರೂ ಅದೇ ದಿನ ಮರಳಿದ್ದುಂಟೆ? ರಾತ್ರಿ ನಿಮ್ಮ ಅಂಗಳದ 15 ಆಂಪಿಯರ್ ಸಾಕೆಟ್ಟಿಗೆ ಹಾಕಿದರೆ ಗಂಟೆಗೆ ಸುಮಾರು 3 ಯೂನಿಟ್‌ನಂತೆ, ಬೆಳಗಾಗುವಷ್ಟರಲ್ಲಿ ಮರಳಿ ಬರಲು ಬೇಕಾದಷ್ಟು ತುಂಬಿರುತ್ತದೆ. ಅಂದೇ ಮರಳಬೇಕಾದರೆ ನಡುವಿನ ಹುಮನಾಬಾದಿನಲ್ಲಿ 30 ಕಿಲೋವ್ಯಾಟಿನ, ಅಂದರೆ ಗಂಟೆಗೆ 30 ಯೂನಿಟ್ ತುಂಬುವ, ಚಾರ್ಜರ್ ಒಂದಿದ್ದರೂ ಸಾಕು, ಅರ್ಧ ಗಂಟೆಯಲ್ಲಿ 90 ಕಿ.ಮೀ. ದಾರಿಗೆ ಆಗುವಷ್ಟು ವಿದ್ಯುತ್ ಸಿಗುತ್ತದೆ.

ಯಾದಗಿರಿ ಮಾಮಾ: ಬೀಗರು ಹೆದರುವುದು ಸುಳ್ಳಲ್ಲ. ಕಳೆದ ಬೇಸಿಗೆಯಲ್ಲಿ ನಾನು ಸ್ನೇಹಿತರ ಕಾರಿನಲ್ಲಿ ಹೋದಾಗ, ಆ್ಯಪಿನಲ್ಲಿ ಹಸಿರಾಗಿ ತೋರಿಸುತ್ತಿದ್ದ ಚಾರ್ಜರಿಗೆ ಕರೆಂಟೇ ಇರಲಿಲ್ಲ, ಕೇಳಲು ಮನುಷ್ಯರೂ ಇರಲಿಲ್ಲ. ಬ್ಯಾಟರಿಯಲ್ಲಿ ಇನ್ನೂ ಮೂರನೇ ಒಂದು ಪಾಲು ಉಳಿದಿದ್ದರೂ ನಮ್ಮ ಜೀವದಲ್ಲಿ ಜೀವವಿರಲಿಲ್ಲ.

ವೈನಿ: ಮಾಮಾ ಹೇಳಿದ್ದೇ ಮೂಲ ವಿಷಯ. ಹೆದ್ದಾರಿಯ ಎರಡೂ ಬದಿ 25 ಕಿಲೋಮೀಟರಿಗೊಂದು ಚಾರ್ಜಿಂಗ್ ಕೇಂದ್ರವಿರಬೇಕೆಂದು ಕೇಂದ್ರ ವಿದ್ಯುತ್ ಸಚಿವಾಲಯದ 2022ರ ಮಾರ್ಗಸೂಚಿಯಲ್ಲೇ ಇತ್ತು. ಆದರೆ ಕಂಬ ನೆಟ್ಟಮಾತ್ರಕ್ಕೆ ಭಯ ಹೋಗದು, ಅದು ನಡೆಯುತ್ತಿದೆಯೇ ಎಂಬ ಸುದ್ದಿ ಹೊರಡುವ ಮೊದಲೇ ನಂಬುವಂತೆ ಸಿಗಬೇಕು. ಆ ನಂಬಿಕೆಯಿಲ್ಲದ ಕಡೆ ಎಲ್ಲರೂ ದೊಡ್ಡ ಬ್ಯಾಟರಿಯನ್ನೇ ಕೇಳುತ್ತಾರೆ, ಬೆಲೆ ಕೇಳಿ ಕಾರನ್ನೇ ಬಿಡುತ್ತಾರೆ. ವರ್ಷವೆಲ್ಲ ಸೂಪರ್ ಮಾರ್ಕೆಟ್ಟಿಗೂ ಆಫೀಸಿಗೂ ಓಡಾಡುವ ನಾವು, ನಾಲ್ಕು ಸಲದ ಬೀದರ್ ಪ್ರಯಾಣಕ್ಕಾಗಿ ಲಕ್ಷಗಟ್ಟಲೆ ಹೆಚ್ಚು ಕೊಟ್ಟು ಆ ಭಾರವನ್ನು ದಿನವೂ ಹೊತ್ತು ತಿರುಗುವುದು ಯಾವ ಜಾಣತನ, ಮಾವನವರೇ?

ಬೀದರ್ ಕಾಕಾ: ನನ್ನ ಅಂಗಳದ ಸಾಕೆಟ್ ಹಳೆಯದು, ಅರ್ಥಿಂಗ್ ಇದೆಯೋ ಇಲ್ಲವೋ. ನಾಳೆ ಎಲೆಕ್ಟ್ರಿಷಿಯನ್ನನ್ನು ಕರೆಸಿ ನೋಡಿಸುತ್ತೇನೆ. ಹಾಗೆಂದು 500ರ ಮಾತು ಬಿಟ್ಟೆನೆಂದು ಯಾರೂ ತಿಳಿಯಬೇಡಿ.