ಆನ್‌ಲೈನ್ ಕಾಮೆಂಟರಿಯ ಪುಟಸಂಖ್ಯೆ ಮುದ್ರಿತ ಪುಸ್ತಕಕ್ಕೆ ಹೊಂದುತ್ತಿಲ್ಲ, ಲಿಂಕೂ ತೆರೆಯುತ್ತಿಲ್ಲ

ರಾಯಚೂರು ಸಿವಿಲ್:
ಭೂಸುಧಾರಣಾ ಕಾಯ್ದೆಯ ಕಾಮೆಂಟರಿಯನ್ನು (ಕಲಂವಾರು ವಿವರಣೆಯ ಪುಸ್ತಕ) ಚಂದಾ ಕಟ್ಟುವ ಜಾಲತಾಣದಲ್ಲಿ ನೋಡಿ, ಲಿಖಿತ ವಾದದಲ್ಲಿ ಪುಟಸಂಖ್ಯೆ, ಲಿಂಕ್ ಎರಡನ್ನೂ ಕೊಟ್ಟೆ. ಎದುರು ವಕೀಲರ ಪುಸ್ತಕದ ಅದೇ ಪುಟದಲ್ಲಿ ಬೇರೆ ಕಲಂ ಇದೆ. ಲಿಂಕ್ ಒತ್ತಿದರೆ ಲಾಗಿನ್ ಪುಟ ಬರುತ್ತದೆ. ಹೇಗೆ ತಿದ್ದಲಿ?

ಬಳ್ಳಾರಿ ಗ್ರಂಥಪಾಲಕ:
ಪುಟಸಂಖ್ಯೆ ತೆಗೆದುಬಿಡಿ ಸರ್. ಜಾಲಪುಟವನ್ನು ಪ್ರಿಂಟ್‌ಗೆ ಕೊಟ್ಟಾಗ ಬರುವ ಸಂಖ್ಯೆ ಬ್ರೌಸರ್ ಹಾಕಿದ್ದು. ಅಕ್ಷರದ ಗಾತ್ರ ಬದಲಾದರೆ ಅದೂ ಬದಲಾಗುತ್ತದೆ. ಲೇಖಕರ ಹೆಸರು, ಪುಸ್ತಕ, ಆವೃತ್ತಿ, ವರ್ಷ, ಯಾವ ಕಲಮಿನ ವಿವರಣೆ, ಉಪಶೀರ್ಷಿಕೆ, ಪ್ಯಾರಾ ಸಂಖ್ಯೆ, ಕೊನೆಗೆ ಜಾಲತಾಣದ ಹೆಸರು ಮತ್ತು ನೋಡಿದ ದಿನಾಂಕ: ಈ ಕ್ರಮದಲ್ಲಿ ಬರೆಯಿರಿ. ಆನ್‌ಲೈನ್ ಪಠ್ಯವನ್ನು ಆವೃತ್ತಿ ಬದಲಿಸದೆಯೂ ತಿದ್ದುತ್ತಾರೆ, ಹಾಗಾಗಿ ದಿನಾಂಕ ಬಿಡಲೇಬೇಡಿ.

ನೀವು ನಕಲು ಮಾಡಿದ್ದು ಬ್ರೌಸರ್‌ನ ಮೇಲಿನ ವಿಳಾಸಪಟ್ಟಿಯಲ್ಲಿದ್ದ ಲಿಂಕ್ ಇರಬೇಕು. ಅದರಲ್ಲಿ ನಿಮ್ಮ ಲಾಗಿನ್ ಅವಧಿಯ ಗುರುತು ಸೇರಿದ್ದರೆ ಅವಧಿ ಮುಗಿದ ಮೇಲೆ ಲಿಂಕ್ ಸಾಯುತ್ತದೆ. 'ಶೇರ್' ಗುಂಡಿಯಿಂದ ಸ್ಥಿರ ಲಿಂಕ್ ತೆಗೆದು, ಇನ್‌ಕಾಗ್ನಿಟೊ (ನಿಮ್ಮ ಲಾಗಿನ್ ನೆನಪಿಲ್ಲದ ಖಾಸಗಿ) ಕಿಟಕಿಯಲ್ಲಿ ತೆರೆದು ಪರೀಕ್ಷಿಸಿ. ಆಗಲೂ ಲಾಗಿನ್ ಕೇಳಿದರೆ ಆ ಭಾಗದ ಪ್ರಿಂಟನ್ನೇ ಲಗತ್ತಿಸಿ. ಪ್ರಿಂಟ್ ಸೆಟ್ಟಿಂಗ್‌ನಲ್ಲಿ 'ಹೆಡರ್ ಮತ್ತು ಫೂಟರ್' ಆನ್ ಇದ್ದರೆ ವಿಳಾಸ, ದಿನಾಂಕ ಕಾಗದದ ಅಂಚಿನಲ್ಲಿ ತಾವಾಗಿಯೇ ಬೀಳುತ್ತವೆ.

ಕೊಪ್ಪಳ ಕಂದಾಯ:
ಇದಕ್ಕಿಂತ ದೊಡ್ಡ ಅಪಾಯ ಬೇರೆ ಇದೆ. ಕೃಷಿಭೂಮಿಯನ್ನು ಯಾರು ಕೊಳ್ಳಬಾರದು, ಹೊಂದಬಾರದು ಎನ್ನುತ್ತಿದ್ದ 79ಎ, 79ಬಿ ಕಲಂಗಳನ್ನು 2020ರ ತಿದ್ದುಪಡಿ ಕೈಬಿಟ್ಟಿದೆ. ಅದಕ್ಕೂ ಹಿಂದಿನ ಆವೃತ್ತಿಯಲ್ಲಿ ಅವು ಜಾರಿಯಲ್ಲಿರುವಂತೆಯೇ ವಿವರಣೆ ಇರುತ್ತದೆ. ಕಲಮಿನ ಪಠ್ಯವನ್ನು ಕಾಮೆಂಟರಿಯಿಂದ ಎತ್ತದೆ ಸರ್ಕಾರಿ ಜಾಲತಾಣದ ಕಾಯ್ದೆಯಿಂದ ತೆಗೆದುಕೊಳ್ಳಿ, ತಿದ್ದುಪಡಿಗೆ ರಾಜ್ಯಪತ್ರ ನೋಡಿ.

ತೀರ್ಪಿಗೆ ನ್ಯೂಟ್ರಲ್ ಸೈಟೇಷನ್ (ನ್ಯಾಯಾಲಯವೇ ಕೊಡುವ ಗುರುತುಸಂಖ್ಯೆ) ಕೊಟ್ಟರೆ ಯಾರ ಬಳಿ ಯಾವ ವರದಿ ಸಂಪುಟ ಇದ್ದರೂ ತೊಂದರೆಯಿಲ್ಲ. ಹೈಕೋರ್ಟ್‌ನ ಇತ್ತೀಚಿನ ಪಿಡಿಎಫ್‌ಗಳಲ್ಲಿ ಅದು ಪುಟದ ನೆತ್ತಿಯಲ್ಲೇ ಇರುತ್ತದೆ: ಎನ್‌ಸಿ, ವರ್ಷ, ಪೀಠದ ಗುರುತು, ಕ್ರಮಸಂಖ್ಯೆ. ರಾಯಚೂರಿನ ಪ್ರಕರಣ ಕಲಬುರಗಿ ಪೀಠಕ್ಕೆ ಹೋಗುವುದರಿಂದ ಗುರುತು ಕೆಎಚ್‌ಸಿ-ಕೆ. ಕೊಪ್ಪಳ, ಬಳ್ಳಾರಿಯದು ಧಾರವಾಡಕ್ಕೆ, ಅಂದರೆ ಕೆಎಚ್‌ಸಿ-ಡಿ. ಸುಪ್ರೀಂ ಕೋರ್ಟ್‌ನದು ಐಎನ್‌ಎಸ್‌ಸಿ. ಜೊತೆಗೆ ಪ್ಯಾರಾ ಸಂಖ್ಯೆ ಬೇಕೇ ಬೇಕು. ಹೆಡ್‌ನೋಟ್ (ತೀರ್ಪಿನ ಮೇಲ್ಭಾಗದ ಸಾರಾಂಶ) ಬರೆಯುವವರು ವರದಿಯ ಸಂಪಾದಕರು, ಅದನ್ನು ನ್ಯಾಯಾಲಯದ ಮಾತೆಂದು ಉಲ್ಲೇಖಿಸಲೇಬೇಡಿ.

ರಾಯಚೂರು ಸಿವಿಲ್:
ಲಿಂಕ್ ಸರಿಹೋಯಿತು, ಧನ್ಯವಾದ. ಆದರೆ ಕಾಯ್ದೆಯ ಕನ್ನಡ ಪಿಡಿಎಫ್‌ನಿಂದ ಕಲಂ ನಕಲು ಮಾಡಿದರೆ ವರ್ಡ್‌ನಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಾಲು ಬರುತ್ತಿದೆ.

ಬಳ್ಳಾರಿ ಗ್ರಂಥಪಾಲಕ:
ಅದು ಹಳೆಯ ನುಡಿ ಫಾಂಟ್‌ನ ಆಸ್ಕಿ ಪಠ್ಯ, ಅಂದರೆ ಇಂಗ್ಲಿಷ್ ಅಕ್ಷರಗಳ ಸಂಕೇತದ ಮೇಲೆ ಕನ್ನಡ ಆಕಾರ ಕೂರಿಸಿದ್ದು. ಆಸ್ಕಿಯಿಂದ ಯೂನಿಕೋಡ್‌ಗೆ (ಕನ್ನಡಕ್ಕೆ ತನ್ನದೇ ಸಂಕೇತವಿರುವ ವ್ಯವಸ್ಥೆ) ತರುವ ಪರಿವರ್ತಕಕ್ಕೆ ಹಾಕಿ. ಆಮೇಲೆ ಅಕ್ಷರ ಅಕ್ಷರವಾಗಿ ತಾಳೆ ನೋಡಿ. ಮೊದಲು ಕೆಡುವುದು ಅರ್ಕಾವತ್ತು: ಆಸ್ಕಿಯಲ್ಲಿ ಅದು ವ್ಯಂಜನದ ನಂತರ ಕೂರುತ್ತದೆ, ಪರಿವರ್ತಕ ಎಡವಿದರೆ 'ವರ್ಗಾವಣೆ'ಯ ರ್ ಬೇರೆ ಅಕ್ಷರಕ್ಕೆ ಅಂಟುತ್ತದೆ. ಕಲಂ ಸಂಖ್ಯೆ, ಆವರಣದೊಳಗಿನ ಉಪಕಲಂ ಅಕ್ಷರಗಳನ್ನು ಪಿಡಿಎಫ್ ಪಕ್ಕದಲ್ಲಿಟ್ಟು ಕೈಯಿಂದಲೇ ಟೈಪ್ ಮಾಡುವುದು ಒಳ್ಳೆಯದು.