ವಿಂಡೋ ಎಲ್ಲಿ ಕೂರಬೇಕು ಅಂತ ಹೇಳೋರು ಯಾರು?

ಶಿರಸಿ ಅಡಿಕೆ ಅಂಗಡಿ: ನಮ್ಮಲ್ಲಿ ಎರಡು ಮಾನಿಟರ್. ಎಡಕ್ಕೆ ಬಿಲ್ಲು, ಬಲಕ್ಕೆ ಧಾರಣೆ ಪಟ್ಟಿ. ಲಿನಕ್ಸ್‌ನಲ್ಲಿ ವೇಲ್ಯಾಂಡ್‌ಗೆ (ಪರದೆ ಮೇಲೆ ವಿಂಡೋ ತೋರಿಸುವ ಹೊಸ ವ್ಯವಸ್ಥೆ) ಬದಲಾದ ಮೇಲೆ ಬಿಲ್ಲಿನ ವಿಂಡೋ ಮನಸ್ಸಿಗೆ ಬಂದ ಕಡೆ ತೆರೆಯುತ್ತದೆ. ಚೀಲ ತಕ್ಕಡಿ ಮೇಲಿರುವಾಗ ಅದನ್ನು ಹುಡುಕುತ್ತಾ ಕೂರಬೇಕಾ? ತನ್ನ ಜಾಗ ಆ್ಯಪ್‌ಗೇ ಗೊತ್ತಿರಬೇಕು ಅಲ್ವಾ?

ಕಾರವಾರದವ: ಹಳೆಯ ವ್ಯವಸ್ಥೆ ಎಕ್ಸ್11ನಲ್ಲಿ ಆ್ಯಪ್ ಇಂಥದ್ದೇ ಜಾಗ ಬೇಕು ಅಂತ ಕೇಳಬಹುದಿತ್ತು. ವೇಲ್ಯಾಂಡ್‌ನಲ್ಲಿ ಮಾಮೂಲಿ ವಿಂಡೋಗೆ ತಾನು ಪರದೆಯಲ್ಲಿ ಎಲ್ಲಿದ್ದೇನೆ ಅಂತಲೂ ಗೊತ್ತಾಗುವುದಿಲ್ಲ, ಜಾಗ ಕೊಡುವುದು ಕಂಪೋಸಿಟರ್ (ಎಲ್ಲ ವಿಂಡೋಗಳನ್ನು ಜೋಡಿಸಿ ಪರದೆಗೆ ತರುವ ಪ್ರೋಗ್ರಾಂ), ಬೇಕಂತಲೇ ಹಾಗೆ ಮಾಡಿದ್ದು. ನಿಮ್ಮದು ಕೆಡಿಇ ಡೆಸ್ಕ್‌ಟಾಪ್ ಇದ್ದರೆ ಸೆಟ್ಟಿಂಗ್‌ನ ವಿಂಡೋ ರೂಲ್ಸ್‌ಗೆ ಹೋಗಿ ಪೊಸಿಷನ್ ಸೇರಿಸಿ, ‘ರಿಮೆಂಬರ್’ (ಕೊನೆಗೆ ಬಿಟ್ಟ ಜಾಗ ನೆನಪಿಡುವುದು) ಇಡಿ.

ಕುಮಟಾ: ಹಿಡಿತ ನಮ್ಮ ಕೈಲೇ ಇರಲಿ ಮಾರಾಯ್ರೆ. ಆ್ಯಪ್‌ಗಳನ್ನು ಸುಮ್ನೆ ಬಿಟ್ಟರೆ ಎಲ್ಲವೂ ನಡುವೆ ಬಂದು ಕೂರುತ್ತವೆ. ಆದರೆ ನಾಲ್ಕೈದು ವಿಂಡೋ ಒಟ್ಟಿಗೆ ತೆರೆಯುವ ಆ್ಯಪ್‌ಗಳಿಗೆ ಇದು ಕಷ್ಟವೇ, ಅದು ನಿಜ.

ಶಿರಸಿ ಅಡಿಕೆ ಅಂಗಡಿ: ‘ಫೋರ್ಸ್’ ಇಟ್ಟೆ. ಎಡಕ್ಕೇ ಬರುತ್ತದೆ, ಆದರೆ ಎಳೆದರೂ ಅಲುಗುವುದಿಲ್ಲ!

ಕಾರವಾರದವ: ಅದಕ್ಕೇ ‘ರಿಮೆಂಬರ್’ ಅಂದಿದ್ದು.